ಜನರೇಟರ್ ಕೋಣೆಯ ಫ್ಯಾನ್ ನಿಲ್ಲದಿದ್ದರೆ ನೀರಿನ ಮಂಜು ಏನು ಮಾಡೀತು?

(ಕಟ್ಟಡ ಮಾಲಕರು, ಎಲೆಕ್ಟ್ರೀಷಿಯನ್ನರು, ಆಸ್ಪತ್ರೆ ಮತ್ತು ಗೋದಾಮುಗಳ ನಿರ್ವಹಣೆ ನೋಡಿಕೊಳ್ಳುವವರಿಗಾಗಿ ಕಾಸರಗೋಡಿನಲ್ಲಿ ಕೊಟ್ಟ ಕನ್ನಡ ಉಪನ್ಯಾಸದ ಬರಹ ರೂಪ.)

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಕೋಣೆಯನ್ನು ಮುಂದಿಟ್ಟುಕೊಳ್ಳೋಣ. ಮಂಜೇಶ್ವರದಿಂದ ಹೊಸದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಆಸ್ಪತ್ರೆ, ಮಳಿಗೆ, ಲಾಡ್ಜುಗಳ ಹಿಂಬದಿಯಲ್ಲಿ ಇಂಥದ್ದು ಬೇಕಾದಷ್ಟಿವೆ. ಮುರಕಲ್ಲಿನ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್. 6 ಮೀಟರ್ ಉದ್ದ, 5 ಮೀಟರ್ ಅಗಲ, 3.3 ಮೀಟರ್ ಎತ್ತರ. ಒಳಗೆ 250 ಕೆವಿಎ ಡೀಸೆಲ್ ಜನರೇಟರ್, ಮೂಲೆಯಲ್ಲಿ 200 ಲೀಟರಿನ ಡೀಸೆಲ್ ಟ್ಯಾಂಕ್. ಪಡುಗೋಡೆಯಲ್ಲಿ ಗಾಳಿ ಒಳಬರುವ ಲೂವರ್ (ಅಡ್ಡಪಟ್ಟಿಗಳಿರುವ ಗಾಳಿಕಿಂಡಿ), ಮೂಡುಗೋಡೆಯಲ್ಲಿ ಎಂಜಿನ್ ತಣಿಸುವ ರೇಡಿಯೇಟರ್ ಫ್ಯಾನಿನ ಬಿಸಿಗಾಳಿ ಹೊರಹೋಗುವ ಲೂವರ್. 90 ಸೆಂಟಿಮೀಟರ್ ಅಗಲ, 2 ಮೀಟರ್ ಎತ್ತರದ ಒಂದು ಬಾಗಿಲು. ಒಟ್ಟು ಜಾಗ ಹೆಚ್ಚುಕಡಿಮೆ 100 ಘನ ಮೀಟರ್.

ಇಲ್ಲಿ ವಾಟರ್ ಮಿಸ್ಟ್, ಅಂದರೆ ನೀರನ್ನು ಮಂಜಿನಂತೆ ಸಿಂಪಡಿಸಿ ಬೆಂಕಿ ಆರಿಸುವ ವ್ಯವಸ್ಥೆ ಕೂರಿಸಬೇಕೆಂದು ಕೊಟೇಶನ್ ತರಿಸಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಪಂಪಿನ ಒತ್ತಡ ಎಷ್ಟು, ನಾಝಲ್ ಎಷ್ಟು, ಬೆಲೆ ಎಷ್ಟು ಎಂಬ ಕಡೆಗೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದ್ದು ಆ ಎರಡು ಲೂವರ್, ಆ ಬಾಗಿಲು ಮತ್ತು ಆ ಫ್ಯಾನ್. ಅವುಗಳ ವಿಷಯ ಇತ್ಯರ್ಥವಾಗದೆ 100 ಬಾರ್ ಒತ್ತಡದ ಪಂಪ್ ತಂದರೂ ಹಣ ಗಾಳಿಯ ಜೊತೆ ಹೊರಗೆ ಹೋಗುತ್ತದೆ.

ಮಂಜು ಎಂದರೆ ಎಷ್ಟು ಸಣ್ಣ ಹನಿ? ನಾಝಲಿನಿಂದ ಬರುವ ನೀರಿನ ಪರಿಮಾಣದಲ್ಲಿ ಶೇಕಡಾ 99 ಭಾಗ 1 ಮಿಲಿಮೀಟರಿಗಿಂತ ಸಣ್ಣ ಹನಿಗಳಾಗಿ ಬಂದರೆ ಅದನ್ನು ವಾಟರ್ ಮಿಸ್ಟ್ ಎನ್ನುತ್ತಾರೆ. ಅಮೆರಿಕದ ಎನ್‌ಎಫ್‌ಪಿಎ 750 ಮಾನದಂಡದ ವ್ಯಾಖ್ಯೆ ಇದು. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 15519 ಇದೆ. ಒಂದು ಲೀಟರ್ ನೀರನ್ನು 1 ಮಿ.ಮೀ. ಹನಿಗಳನ್ನಾಗಿ ಒಡೆದರೆ ಒಟ್ಟು ಮೇಲ್ಮೈ 6 ಚದರ ಮೀಟರ್. ಅದನ್ನೇ 0.1 ಮಿ.ಮೀ. ಹನಿಗಳನ್ನಾಗಿ ಒಡೆದರೆ 60 ಚದರ ಮೀಟರ್. ಬಿಸಿ ಹೀರುವುದು ಮೇಲ್ಮೈಯಾದ್ದರಿಂದ ಸಣ್ಣ ಹನಿ ಬೇಗ ಆವಿಯಾಗುತ್ತದೆ. 30 ಡಿಗ್ರಿಯ ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಸುಮಾರು 2.5 ಮೆಗಾಜೂಲ್ ಶಾಖ ತೆಗೆದುಕೊಳ್ಳುತ್ತದೆ, ಸುಮಾರು 1,700 ಲೀಟರ್ ಹಬೆಯಾಗಿ ಹರಡುತ್ತದೆ.

ಇದೇ ಸಣ್ಣತನದಲ್ಲಿ ತೊಂದರೆಯೂ ಇದೆ. 1 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಕೆಳಗೆ ಬೀಳುತ್ತದೆ. 0.1 ಮಿ.ಮೀ. ಹನಿ ನಾಝಲಿನ ರಭಸ ಕಳೆದುಕೊಂಡ ಮೇಲೆ ಸೆಕೆಂಡಿಗೆ 30 ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಸೀಲಿಂಗ್ ಫ್ಯಾನಿನ ಗಾಳಿ ಕೂಡ ಅದಕ್ಕಿಂತ ಜೋರು. ಅಂದರೆ ಮಂಜು ಎಲ್ಲಿಗೆ ಹೋಗಬೇಕೆಂಬುದನ್ನು ನಾಝಲ್ ಅರ್ಧ ನಿರ್ಧರಿಸುತ್ತದೆ, ಉಳಿದರ್ಧವನ್ನು ಕೋಣೆಯ ಗಾಳಿ.

ಗಾಳಿಯ ಲೆಕ್ಕ

ಬೆಂಕಿ ಏನನ್ನೇ ಸುಡಲಿ, ಡೀಸೆಲ್, ಮರ, ಪ್ಲಾಸ್ಟಿಕ್, ಒಂದು ಕಿಲೋ ಆಮ್ಲಜನಕ ಬಳಸಿದಾಗ ಹೆಚ್ಚುಕಡಿಮೆ 13 ಮೆಗಾಜೂಲ್ ಶಾಖ ಬಿಡುಗಡೆ ಮಾಡುತ್ತದೆ. ಅಗ್ನಿಶಾಸ್ತ್ರದಲ್ಲಿ ಇಷ್ಟು ಉಪಯೋಗದ ಸಂಖ್ಯೆ ಬೇರೆ ಇಲ್ಲ. ಇದನ್ನು ಗಾಳಿಗೆ ತಿರುಗಿಸಿದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 3.6 ಮೆಗಾಜೂಲಿನ ಬೆಂಕಿಗೆ ಸಾಕಾಗುವ ಆಮ್ಲಜನಕ ಇದೆ.

ನಮ್ಮ ಕೋಣೆಯಲ್ಲಿ 100 ಘನ ಮೀಟರ್ ಗಾಳಿ, ಅಂದರೆ 360 ಮೆಗಾಜೂಲ್. ಎಣ್ಣೆಯ ಜ್ವಾಲೆ ಉಸಿರುಗಟ್ಟಿ ನಿಲ್ಲಲು ಆಮ್ಲಜನಕ ಪೂರ್ತಿ ಮುಗಿಯಬೇಕಾಗಿಲ್ಲ. ಶೇಕಡಾ 21ರಿಂದ 14–15ಕ್ಕೆ ಇಳಿದರೆ ಸಾಕು. ಆ ಮಟ್ಟಕ್ಕೆ ಇಳಿಯಲು ಸುಮಾರು 100 ಮೆಗಾಜೂಲ್ ಉರಿಯಬೇಕು. ನೆಲದಲ್ಲಿ ಒಂದು ಚದರ ಮೀಟರ್ ಅಗಲಕ್ಕೆ ಚೆಲ್ಲಿದ ಡೀಸೆಲ್ ಹತ್ತಿದರೆ 1ರಿಂದ 1.5 ಮೆಗಾವಾಟ್. 1.2 ಎಂದಿಟ್ಟುಕೊಳ್ಳಿ. ಎಲ್ಲವೂ ಭದ್ರವಾಗಿ ಮುಚ್ಚಿದ್ದರೆ ಒಂದೂವರೆ ನಿಮಿಷದೊಳಗೆ ಆ ಬೆಂಕಿ ತನ್ನ ಗಾಳಿಯನ್ನು ತಾನೇ ತಿಂದು ಮುಗಿಸುತ್ತದೆ. ಮಂಜಿನ ಹಬೆ ಸೇರಿದರೆ ಇನ್ನೂ ಬೇಗ.

ಈಗ ರೇಡಿಯೇಟರ್ ಫ್ಯಾನ್ ಓಡುತ್ತಿದೆ ಎನ್ನಿ. ಈ ಗಾತ್ರದ ಜನರೇಟರಿನ ಫ್ಯಾನ್ ಸೆಕೆಂಡಿಗೆ 5 ಘನ ಮೀಟರಿನ ಆಸುಪಾಸು ಗಾಳಿ ಎಳೆಯುತ್ತದೆ. 20 ಸೆಕೆಂಡಿಗೊಮ್ಮೆ ಇಡೀ ಕೋಣೆಯ ಗಾಳಿ ಹೊಸದು. ಅಷ್ಟು ಗಾಳಿ 18 ಮೆಗಾವಾಟ್ ಬೆಂಕಿಯನ್ನು ಸಾಕಬಲ್ಲದು. ನಮ್ಮ 1.2 ಮೆಗಾವಾಟ್ ಬೆಂಕಿ ಅದರಲ್ಲಿ ಬಳಸುವುದು ಸೆಕೆಂಡಿಗೆ ಮೂರನೇ ಒಂದು ಘನ ಮೀಟರ್. ಕೋಣೆಯ ಆಮ್ಲಜನಕ ಶೇಕಡಾ 19.6ರ ಕೆಳಗೆ ಇಳಿಯುವುದೇ ಇಲ್ಲ, ಎಷ್ಟು ಹೊತ್ತು ಕಾದರೂ.

ಮಂಜಿನದ್ದೂ ಅದೇ ಕತೆ. 8 ನಾಝಲ್, ಒಂದೊಂದಕ್ಕೆ ನಿಮಿಷಕ್ಕೆ 10 ಲೀಟರ್, ಒಟ್ಟು 80 ಲೀಟರ್ ಎಂದಿಟ್ಟುಕೊಳ್ಳೋಣ. ಕೋಣೆಯ ಗಾಳಿಯಲ್ಲಿ ಘನ ಮೀಟರಿಗೆ 100 ಗ್ರಾಂ ಹನಿ ತೇಲುತ್ತಿದ್ದರೆ ಫ್ಯಾನ್ ಸೆಕೆಂಡಿಗೆ ಅರ್ಧ ಕಿಲೋ, ನಿಮಿಷಕ್ಕೆ 30 ಲೀಟರ್ ನೀರನ್ನು ಲೂವರಿನಿಂದ ಹೊರಗೆ ಚಿಮ್ಮಿಸುತ್ತದೆ. ಹೊರಗೆ ನಿಂತವರಿಗೆ ಲೂವರಿನಿಂದ ದಟ್ಟ ಬಿಳಿ ಮಂಜು ಬರುವುದು ಕಂಡು ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎನಿಸೀತು. ಬೆಂಕಿಗೆ ಸಿಗಬೇಕಾದ್ದು ಅಂಗಳಕ್ಕೆ ಸಿಗುತ್ತಿದೆ ಎಂಬುದೇ ಅದರ ಅರ್ಥ.

ಫ್ಯಾನ್ ನಿಂತಿದೆ, ಲೂವರ್ ಮುಚ್ಚಿದೆ, ಬಾಗಿಲು ಮಾತ್ರ ತೆರೆದಿದೆ ಎಂದಾದರೆ? ಬಾಗಿಲಿನ ವಿಸ್ತೀರ್ಣವನ್ನು ಅದರ ಎತ್ತರದ ವರ್ಗಮೂಲದಿಂದ ಗುಣಿಸಿ, ಅದರ ಅರ್ಧ ತೆಗೆದುಕೊಂಡರೆ ಒಳಗೆ ನುಗ್ಗಬಲ್ಲ ಗಾಳಿಯ ಗರಿಷ್ಠ ಪ್ರಮಾಣ ಸೆಕೆಂಡಿಗೆ ಕಿಲೋಗ್ರಾಂಗಳಲ್ಲಿ ಸಿಗುತ್ತದೆ. ನಮ್ಮ ಬಾಗಿಲಿಗೆ ಅದು 1.27 ಕಿಲೋ, ಅಂದರೆ ಸುಮಾರು ಒಂದು ಘನ ಮೀಟರ್. 1.2 ಮೆಗಾವಾಟ್ ಬೆಂಕಿ ಅದರ ಮೂರನೇ ಒಂದು ಭಾಗ ಬಳಸಿಕೊಂಡಾಗ ಕೋಣೆಯ ಆಮ್ಲಜನಕ 14ರ ಹತ್ತಿರಕ್ಕೆ ಇಳಿಯುತ್ತದೆ. ಮಂಜಿನ ಸಹಾಯವಿದ್ದರೆ ಬಾಗಿಲು ತೆರೆದಿದ್ದರೂ ಆ ಬೆಂಕಿ ಆರಬಹುದು. ಅದೇ ಬಾಗಿಲು, ಆದರೆ ಬೆಂಕಿ 300 ಕಿಲೋವಾಟ್ ಮಾತ್ರ ಎಂದಾದರೆ ಆಮ್ಲಜನಕ 19ರ ಮೇಲೆಯೇ ನಿಲ್ಲುತ್ತದೆ. ಎಂಜಿನ್ನಿನ ಅಡಿಯಲ್ಲೋ ಟ್ಯಾಂಕಿನ ಹಿಂದೆಯೋ, ಹನಿ ನೇರವಾಗಿ ತಾಗದ ಜಾಗದಲ್ಲಿ ಅದು ಉರಿಯುತ್ತಿದ್ದರೆ ಮಂಜು ಬರುತ್ತಲೇ ಇರುತ್ತದೆ, ಬೆಂಕಿಯೂ ಉರಿಯುತ್ತಲೇ ಇರುತ್ತದೆ.

ದೊಡ್ಡ ಬೆಂಕಿ ಸುಲಭ, ಮರೆಯಲ್ಲಿರುವ ಸಣ್ಣ ಬೆಂಕಿ ಕಷ್ಟ. ಕೇಳಲು ತಲೆಕೆಳಗಾಗಿದೆ ಅನಿಸಿದರೂ ವಾಟರ್ ಮಿಸ್ಟಿನ ಪರೀಕ್ಷೆಗಳಲ್ಲಿ ಮತ್ತೆಮತ್ತೆ ಕಾಣುವುದು ಇದನ್ನೇ. ಹಡಗುಗಳ ಎಂಜಿನ್ ಕೋಣೆಗಾಗಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ 2005ರಲ್ಲಿ ಹೊರಡಿಸಿದ 1165ನೇ ಸುತ್ತೋಲೆಯ ಪರೀಕ್ಷೆಯಲ್ಲಿ 2 ಮೀಟರ್ ಅಗಲ, 2 ಮೀಟರ್ ಎತ್ತರದ ಬಾಗಿಲನ್ನು ತೆರೆದಿಟ್ಟೇ ಬೆಂಕಿ ಹಚ್ಚುತ್ತಾರೆ. ಮರೆಯಲ್ಲಿರುವ ಬೆಂಕಿಯೂ ಅದರಲ್ಲಿ ಸೇರಿದೆ. ಹಾಗಾಗಿ ಯಾರಾದರೂ “ನಮ್ಮದು ಪರೀಕ್ಷೆ ಪಾಸಾದ ನಾಝಲ್” ಎಂದರೆ ಕೇಳಬೇಕಾದ್ದು ಎರಡೇ ಮಾತು: ಎಷ್ಟು ಘನ ಮೀಟರ್ ಕೋಣೆಯಲ್ಲಿ, ಎಷ್ಟು ತೆರೆದ ಜಾಗ ಇಟ್ಟು? ನಿಮ್ಮ ಕೋಣೆ ಅದಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಅದಕ್ಕಿಂತ ಹೆಚ್ಚು ಗಾಳಿಯಾಡುತ್ತಿದ್ದರೆ ಆ ಪ್ರಮಾಣಪತ್ರ ನಿಮಗೆ ಅನ್ವಯಿಸುವುದಿಲ್ಲ.

ಹಬೆ ನಿಲ್ಲಲು ಕೋಣೆ ಬಿಸಿಯಿರಬೇಕು

ನೀರು 1,700 ಪಟ್ಟು ಹಿಗ್ಗಿ ಗಾಳಿಯನ್ನು ಹೊರಗೆ ತಳ್ಳುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ಗಾಳಿಯಲ್ಲಿ ಎಷ್ಟು ಹಬೆ ನಿಲ್ಲಬಹುದು ಎಂಬುದಕ್ಕೆ ಉಷ್ಣತೆಯ ಮಿತಿ ಇದೆ. 30 ಡಿಗ್ರಿಯಲ್ಲಿ ಶೇಕಡಾ 4 ಮಾತ್ರ. 50 ಡಿಗ್ರಿಗೆ 12, 60ಕ್ಕೆ 20, 70ಕ್ಕೆ 31, 80ಕ್ಕೆ 47. ಹೆಚ್ಚಾದದ್ದು ಮತ್ತೆ ನೀರಾಗಿ ಗೋಡೆಯಲ್ಲಿ ಇಳಿಯುತ್ತದೆ. ಆದ್ದರಿಂದ ಬರೀ ಹಬೆಯ ಬಲದಿಂದ ಆಮ್ಲಜನಕವನ್ನು 14ಕ್ಕೆ ಇಳಿಸಬೇಕಾದರೆ ಕೋಣೆ 70 ಡಿಗ್ರಿಯಲ್ಲಿರಬೇಕು. 50 ಡಿಗ್ರಿಯಲ್ಲಿ 18ಕ್ಕಿಂತ ಕೆಳಗೆ ಬರುವುದಿಲ್ಲ. ಬೆಂಕಿಯೂ ಒಂದಿಷ್ಟು ಆಮ್ಲಜನಕ ಬಳಸಿ 17ಕ್ಕೆ ತಂದಿದ್ದರೆ 60 ಡಿಗ್ರಿಯ ಹಬೆ ಅದನ್ನು 13.6ಕ್ಕೆ ಇಳಿಸುತ್ತದೆ. ಆಗ ಜ್ವಾಲೆ ಉಳಿಯುವುದಿಲ್ಲ. ಹೊರಗಿನಿಂದ 30 ಡಿಗ್ರಿಯ ಹೊಸ ಗಾಳಿ ಬರುತ್ತಿದ್ದರೆ ಕೋಣೆ ಈ 60–70ರ ಮಟ್ಟಕ್ಕೆ ಏರುವುದೇ ಇಲ್ಲ. ಫ್ಯಾನ್ ಹೀಗೆ ಮೂರು ಕಡೆಯಿಂದ ಕೆಲಸ ಕೆಡಿಸುತ್ತದೆ: ಆಮ್ಲಜನಕ ತರುತ್ತದೆ, ಹನಿ ಒಯ್ಯುತ್ತದೆ, ಹಬೆ ನಿಲ್ಲಲು ಬೇಕಾದ ಬಿಸಿಯನ್ನು ಕದಿಯುತ್ತದೆ.

ಇನ್ನೊಂದು ವಿಷಯ ಅನುಭವಸ್ಥರನ್ನೂ ದಾರಿ ತಪ್ಪಿಸುತ್ತದೆ. ಮಾಡಿನಡಿಯಲ್ಲಿ 600 ಡಿಗ್ರಿಯ ಹೊಗೆ ತುಂಬಿದೆ, ಅಲ್ಲಿಗೆ ಮಂಜು ಹೊಡೆದಿರಿ. ಒಂದು ಘನ ಮೀಟರ್ ಹೊಗೆ 100 ಡಿಗ್ರಿಗೆ ತಣಿದಾಗ 0.43 ಘನ ಮೀಟರಿಗೆ ಕುಗ್ಗುತ್ತದೆ. ಅದನ್ನು ತಣಿಸಲು ಆವಿಯಾಗುವ ನೀರು 80 ಗ್ರಾಂ, ಅದರ ಹಬೆ 0.14 ಘನ ಮೀಟರ್. ಒಟ್ಟು 0.57. ಹಿಗ್ಗುವುದರ ಬದಲು ಕೋಣೆಯ ಅನಿಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು! ಮೊದಲ ಕೆಲವು ಸೆಕೆಂಡುಗಳಲ್ಲಿ ಕೋಣೆಯೊಳಗೆ ಒತ್ತಡ ಕುಸಿದು, ತೆರೆದ ಸಂದುಗಳಿಂದ ಹೊರಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಹನಿ ಬಿಸಿ ಲೋಹಕ್ಕೆ, ಗೋಡೆಗೆ ಬಡಿದು ಆವಿಯಾದರೆ ಮಾತ್ರ ನಿಜವಾದ ಹಿಗ್ಗುವಿಕೆ. ಬಾಗಿಲ ಸಂದಿನಲ್ಲಿ ನಿಂತು ಮಂಜು ಹೊಡೆಯುವವರು ಒಮ್ಮೆ ಗಾಳಿ ಒಳಗೆ ಹೋಗುವುದನ್ನೂ ಮರುಗಳಿಗೆ ಸುಡುವ ಹಬೆ ಮುಖಕ್ಕೆ ಬರುವುದನ್ನೂ ಕಾಣುವುದು ಇದೇ ಕಾರಣಕ್ಕೆ. ಬಾಗಿಲು, ಲೂವರ್ ಮುಚ್ಚಿದ್ದರೆ ಎಳೆಯಲು ಹೊಸ ಗಾಳಿಯೇ ಇಲ್ಲ.

ನಮ್ಮ ಕರಾವಳಿಗೆ ಇನ್ನೊಂದು ಲೆಕ್ಕ ಸೇರುತ್ತದೆ, ಪಡುಗಾಳಿ. ಕೋಣೆ 200 ಡಿಗ್ರಿ ಬಿಸಿಯಿದ್ದಾಗ ಬಿಸಿಗಾಳಿಯ ತೇಲುವಿಕೆಯಿಂದ 3 ಮೀಟರ್ ಎತ್ತರದಲ್ಲಿ ಹುಟ್ಟುವ ಒತ್ತಡ ಸುಮಾರು 13 ಪಾಸ್ಕಲ್. ಮಂಜು ಅದನ್ನು 70 ಡಿಗ್ರಿಗೆ ತಣಿಸಿದ ಮೇಲೆ ಸುಮಾರು 5 ಪಾಸ್ಕಲ್. ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ಬೀಸುವಾಗ ಗಾಳಿಗೆ ಎದುರಾದ ಗೋಡೆಗೂ ಹಿಂದಿನ ಗೋಡೆಗೂ ನಡುವೆ 35ರಿಂದ 40 ಪಾಸ್ಕಲ್ ವ್ಯತ್ಯಾಸ ಬರುತ್ತದೆ. ಎರಡೂ ಲೂವರುಗಳ ಒಳಜಾಗ ಒಂದೊಂದು ಚದರ ಮೀಟರ್ ಇದ್ದರೆ, ಫ್ಯಾನ್ ನಿಂತಿದ್ದರೂ ಸೆಕೆಂಡಿಗೆ 3 ಘನ ಮೀಟರಿಗಿಂತ ಹೆಚ್ಚು ಗಾಳಿ ಕೋಣೆಯನ್ನು ದಾಟುತ್ತದೆ. ಅಂದರೆ ಫ್ಯಾನ್ ನಿಲ್ಲಿಸಿದ್ದರಿಂದ ಗಾಳಿ 5ರಿಂದ 3ಕ್ಕೆ ಇಳಿಯಿತು, ಅಷ್ಟೆ. ಪಡುವಣಕ್ಕೆ ಒಂದು, ಮೂಡಣಕ್ಕೆ ಒಂದು ಎಂದು ಎದುರುಬದುರು ಇಟ್ಟ ಲೂವರ್ ಜನರೇಟರಿಗೆ ಒಳ್ಳೆಯದು, ಮಂಜಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಮೋಟಾರಿನಿಂದ ಮುಚ್ಚುವ ಶಟರ್ ಇಲ್ಲದೆ ಇಂಥ ಕೋಣೆಗೆ ಮಿಸ್ಟ್ ಬೇಡ ಎಂದೇ ನಾವು ಹೇಳುತ್ತೇವೆ.

ತಂತಿಯಲ್ಲಿ ಆಗುವ ತಪ್ಪುಗಳು

ಕ್ರಮ ಹೀಗಿರಬೇಕು. ಬೆಂಕಿ ಪತ್ತೆಯಾದ ಕೂಡಲೆ ಗಂಟೆ, ಅದರ ಜೊತೆಯಲ್ಲೇ ಎಂಜಿನ್ ಬಂದ್, ಡೀಸೆಲ್ ಬಂದ್, ಎಕ್ಸಾಸ್ಟ್ ಫ್ಯಾನ್ ಬಂದ್, ಶಟರ್ ಮುಚ್ಚುವುದು. 20–30 ಸೆಕೆಂಡು ಬಿಟ್ಟು ಮಂಜು. ಯಾವುದೋ ಶಟರ್ ಸಿಕ್ಕಿಹಾಕಿಕೊಂಡಿದೆ ಎಂದು ಇವನ್ನೆಲ್ಲ ನಿಯಂತ್ರಿಸುವ ಪ್ಯಾನಲ್ ಮಂಜನ್ನು ತಡೆಹಿಡಿಯಬಾರದು. ಅರೆಬರೆ ಮುಚ್ಚಿದ ಕೋಣೆಯಲ್ಲಿ ಮಂಜು ಬೆಂಕಿಯನ್ನು ಆರಿಸದಿದ್ದರೂ ತಣಿಸಿ ಹಿಡಿದಿಡುತ್ತದೆ. ಅನಿಲದ ವ್ಯವಸ್ಥೆಗೆ ಹೋಲಿಸಿದರೆ ಮಂಜಿಗಿರುವ ದೊಡ್ಡ ಗುಣ ಅದು. ಕಾರ್ಬನ್ ಡೈಆಕ್ಸೈಡ್ ಸೋರಿಹೋದರೆ ಮುಗಿಯಿತು. ಟ್ಯಾಂಕಿನಲ್ಲಿ ನೀರಿರುವವರೆಗೆ ಮಂಜು ಬರುತ್ತಲೇ ಇರುತ್ತದೆ.

ತಪ್ಪು ಎಲ್ಲೆಲ್ಲಿ? ಮೊದಲನೆಯದು, ಗೋಡೆಯ ಎಕ್ಸಾಸ್ಟ್ ಫ್ಯಾನಿಗೆ ಮಾತ್ರ ಟ್ರಿಪ್ ಕೊಟ್ಟು ಬಿಡುವುದು. ರೇಡಿಯೇಟರ್ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವಂಥದ್ದು, ಎಂಜಿನ್ ನಿಂತರೆ ಮಾತ್ರ ಅದು ನಿಲ್ಲುತ್ತದೆ. ಎಂಜಿನ್ ನಿಲ್ಲಿಸುವ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ಕೊಂಡಿ) ಎರಡು ಬಗೆ: ಓಡಲು ಕರೆಂಟು ಬೇಕಾದದ್ದು, ನಿಲ್ಲಲು ಕರೆಂಟು ಬೇಕಾದದ್ದು. ಎರಡನೆಯದರ ತಂತಿ ಬೆಂಕಿಯಲ್ಲಿ ಸುಟ್ಟರೆ ಎಂಜಿನ್ ನಿಲ್ಲುವುದೇ ಇಲ್ಲ. ನಿಮ್ಮಲ್ಲಿ ಯಾವುದಿದೆ ಎಂದು ನಾಳೆಯೇ ನೋಡಿ. ಡೀಸೆಲ್ ಟ್ಯಾಂಕ್ ಎಂಜಿನ್ನಿಗಿಂತ ಎತ್ತರದಲ್ಲಿದ್ದರೆ ಎಂಜಿನ್ ನಿಂತ ಮೇಲೂ ಒಡೆದ ಪೈಪಿನಿಂದ ಎಣ್ಣೆ ಇಳಿಯುತ್ತಿರುತ್ತದೆ; ಕೋಣೆಯ ಹೊರಗಿನಿಂದ ಮುಚ್ಚಬಹುದಾದ ವಾಲ್ವ್ ಟ್ಯಾಂಕಿನ ಬುಡದಲ್ಲೇ ಇರಬೇಕು.

ಎರಡನೆಯದು ಇದಕ್ಕಿಂತ ಅಪಾಯದ್ದು. ಮಿಸ್ಟ್ ಪಂಪಿನ ಮೋಟಾರಿಗೆ ಕರೆಂಟು ಎಲ್ಲಿಂದ? ಲೈನಿನಲ್ಲಿ ಕರೆಂಟು ಹೋಗಿದೆ, ಜನರೇಟರ್ ಓಡುತ್ತಿದೆ, ಬೆಂಕಿ ಹತ್ತಿದ್ದೇ ಜನರೇಟರ್ ಕೋಣೆಯಲ್ಲಿ. ಗಾಳಿ ನಿಲ್ಲಿಸಲು ಎಂಜಿನ್ ಬಂದ್ ಮಾಡಿದರೆ ಪಂಪೂ ಬಂದ್. ಪಂಪ್ ಓಡಲೆಂದು ಎಂಜಿನ್ ಬಿಟ್ಟರೆ ಗಾಳಿಯೂ ಎಣ್ಣೆಯೂ ಬೆಂಕಿಗೆ. ಜನರೇಟರ್ ಕೋಣೆಗೆ ನೈಟ್ರೋಜನ್ ಸಿಲಿಂಡರಿನ ಒತ್ತಡದಿಂದ ನಡೆಯುವ ಮಿಸ್ಟ್, ಅಥವಾ ಬೇರೆ ಕೋಣೆಯಲ್ಲಿರುವ ಡೀಸೆಲ್ ಪಂಪ್, ಇವೆರಡರಲ್ಲಿ ಒಂದು ಬೇಕೇ ಬೇಕು. ಸಿಲಿಂಡರಿನದಾದರೆ ನೀರು ಸೀಮಿತ, ಕೆಲವೇ ನಿಮಿಷ ಬರುತ್ತದೆ. ಆದ್ದರಿಂದ ಅಂಥ ಕಡೆ ಬಾಗಿಲು, ಶಟರ್ ಮುಚ್ಚುವುದರಲ್ಲಿ ರಿಯಾಯಿತಿ ಇಲ್ಲ. ಪಂಪಿನದಾದರೆ ಹಡಗುಗಳ ರೂಢಿಯಂತೆ 30 ನಿಮಿಷದ ನೀರಿಟ್ಟರೆ ನಮ್ಮ 8 ನಾಝಲಿಗೆ 2,400 ಲೀಟರ್.

ಮೂರನೆಯದು ಫ್ಯೂಸಿಬಲ್ ಲಿಂಕ್ ಇರುವ ಡ್ಯಾಂಪರ್, ಅಂದರೆ ಗಾಳಿಯ ದಾರಿ ಮುಚ್ಚುವ ತಡೆಬಾಗಿಲು. 72 ಡಿಗ್ರಿಯಲ್ಲಿ ಕರಗುವ ಒಂದು ಲೋಹದ ತುಂಡು ಡ್ಯಾಂಪರನ್ನು ತೆರೆದು ಹಿಡಿದಿರುತ್ತದೆ. ಬಿಸಿಗೆ ಕರಗಿದರೆ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಮಂಜು ಮೊದಲೇ ಬಂದು ಕೋಣೆಯನ್ನು 60 ಡಿಗ್ರಿಯಲ್ಲಿ ಹಿಡಿದರೆ ಆ ಲಿಂಕ್ ಕರಗುವುದೇ ಇಲ್ಲ. ಒಂದು ಸುರಕ್ಷಾ ಸಾಧನ ಇನ್ನೊಂದನ್ನು ನಿದ್ದೆ ಹೋಗಿಸಿತು. ಮಿಸ್ಟ್ ಇರುವ ಕಡೆ ಡ್ಯಾಂಪರಿಗೆ ಪ್ಯಾನಲಿನಿಂದ ಸಿಗ್ನಲ್ ಹೋಗಬೇಕು; ಕರೆಂಟು ಹೋದರೂ ಸ್ಪ್ರಿಂಗಿನಿಂದ ತಾನಾಗಿ ಮುಚ್ಚುವಂಥ ಮೋಟಾರ್ ಇರಬೇಕು.

ಬಿಸಿಗೆ ಒಡೆದು ನೀರಿಗೆ ದಾರಿ ಬಿಡುವ ಗಾಜಿನ ಬಲ್ಬ್ ಇರುವ ನಾಝಲಿಗೂ ಗಾಳಿ ಹೀಗೇ ಮೋಸ ಮಾಡುತ್ತದೆ. ಫ್ಯಾನಿನ ಸೆಳೆತಕ್ಕೆ ಬಿಸಿಹೊಗೆ ಬೆಂಕಿಯ ನೇರ ಮೇಲೆ ಏರದೆ ಎಕ್ಸಾಸ್ಟಿನ ಕಡೆಗೆ ವಾಲುತ್ತದೆ, ಅಲ್ಲಿಯ ನಾಝಲ್ ಒಡೆಯುತ್ತದೆ. ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ. ಅಲ್ಲಿಂದ ಹರಡಿದ ತಂಪು ಪಕ್ಕದ ಬಲ್ಬ್ ಒಡೆಯುವುದನ್ನೂ ತಡೆಯುತ್ತದೆ. ಜನರೇಟರ್ ಕೋಣೆಗೆ ಬಲ್ಬ್ ಇಲ್ಲದ, ಎಲ್ಲವೂ ಒಟ್ಟಿಗೆ ತೆರೆಯುವ ನಾಝಲೇ ಸರಿ. ಬೇರೆ ಕಡೆ ಬಲ್ಬ್ ಹಾಕುವುದಾದರೆ ಮಾಡಿನಡಿಯ ಸಾಮಾನ್ಯ ಬಿಸಿ ನೋಡಿ ಹಾಕಿ. ಮೇ ತಿಂಗಳಲ್ಲಿ 45–50 ಡಿಗ್ರಿ ಏರುವ ಕಡೆ 68 ಡಿಗ್ರಿಯ ಕೆಂಪು ಬಲ್ಬ್ ಬೇಡ, 79ರ ಹಳದಿ ಅಥವಾ 93ರ ಹಸಿರು ಇರಲಿ.

ಗಾಳಿ ನಿಲ್ಲಿಸಲಾಗದ ಜಾಗಗಳು

ನೆಲದಡಿಯ ಪಾರ್ಕಿಂಗಿನ ಮಾತೇ ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಬೆಂಕಿಯ ಸಮಯದಲ್ಲಿ ಅಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಗಬೇಕು. 5,000 ಘನ ಮೀಟರಿನ ಬೇಸ್‌ಮೆಂಟಿಗೆ ಅದು ಸೆಕೆಂಡಿಗೆ 16.7 ಘನ ಮೀಟರ್. 60 ಮೆಗಾವಾಟ್ ಬೆಂಕಿಗೆ ಸಾಕಾಗುವ ಗಾಳಿ. ಒಂದು ಕಾರು ಉರಿದರೆ 5 ಮೆಗಾವಾಟಿನ ಆಸುಪಾಸು. ಅಲ್ಲಿ ಉಸಿರುಗಟ್ಟಿಸಿ ಬೆಂಕಿ ಆರಿಸುವ ಆಸೆ ಬಿಡಬೇಕು. ಫ್ಯಾನ್ ಇರುವುದು ಜನ ಹೊರಗೆ ಬರಲಿ ಎಂದು, ಅದನ್ನು ನಿಲ್ಲಿಸುವ ಹಕ್ಕು ಮಂಜಿಗಿಲ್ಲ. ಅಲ್ಲಿ ಮಂಜಿನ ಕೆಲಸ ಪಕ್ಕದ ಕಾರಿಗೆ ಹತ್ತದಂತೆ ಒದ್ದೆ ಮಾಡುವುದು, ಶಾಖದ ಕಿರಣ ತಡೆಯುವುದು, ಮಾಡಿನ ಕಾಂಕ್ರೀಟನ್ನು ಕಾಯುವುದು. ಹಾಗಾಗಿ ತೇಲುವ ಹನಿಗಿಂತ ಸ್ವಲ್ಪ ದಪ್ಪ, ರಭಸದಿಂದ ಕೆಳಗೆ ಬರುವ ಹನಿ ಬೇಕು. ಮಾಡಿನಡಿಯಲ್ಲಿ ತೂಗುಹಾಕಿ ಹೊಗೆಯನ್ನು ಎಕ್ಸಾಸ್ಟಿನ ಕಡೆಗೆ ತಳ್ಳುವ ಜೆಟ್ ಫ್ಯಾನುಗಳನ್ನು ಮೊದಲ ಕ್ಷಣಕ್ಕೇ ಪೂರ್ತಿ ವೇಗದಲ್ಲಿ ಬಿಟ್ಟರೆ ಹೊಗೆ ಕದಡಿ ನೆಲದವರೆಗೆ ಇಳಿಯುತ್ತದೆ, ಬಲ್ಬ್ ಒಡೆಯುವುದು ತಡವಾಗುತ್ತದೆ. ಜನ ಹೊರಬರುವವರೆಗೆ ಎಕ್ಸಾಸ್ಟ್ ಮಾತ್ರ, ಜೆಟ್ ಫ್ಯಾನ್ ಆಮೇಲೆ ಎಂಬ ಕ್ರಮವನ್ನು ವಿನ್ಯಾಸದಲ್ಲೇ ಬರೆದಿಡಬೇಕು.

ರಸ್ತೆ, ರೈಲು ಸುರಂಗಗಳಲ್ಲಿ ಇದರ ತುತ್ತತುದಿ ಕಾಣುತ್ತದೆ. ಹೊಗೆ ಹಿಂದಕ್ಕೆ ಬರದಂತೆ ಅಲ್ಲಿ ಸೆಕೆಂಡಿಗೆ 3 ಮೀಟರಿನಷ್ಟು ಗಾಳಿ ಬಿಡುತ್ತಾರೆ. 5 ಮೀಟರ್ ಎತ್ತರದಿಂದ ಸೆಕೆಂಡಿಗೆ 30 ಸೆಂಟಿಮೀಟರ್ ಇಳಿಯುವ ಹನಿ ನೆಲ ಮುಟ್ಟುವಷ್ಟರಲ್ಲಿ 50 ಮೀಟರ್ ದೂರ ಹೋಗಿರುತ್ತದೆ. ಅದಕ್ಕೇ ಬೆಂಕಿಯ ನೇರ ಮೇಲಿನ ವಲಯ ಮಾತ್ರ ಸಾಲದು, ಗಾಳಿ ಬರುವ ಕಡೆಯ ವಲಯವನ್ನೂ ತೆರೆಯಬೇಕು.

ಹಂಚಿನ ಮಾಡಿನ ಗೋದಾಮಿನ ಬಗ್ಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಕೇಳುವುದುಂಟು: ಅಡಿಕೆ, ಕೊಬ್ಬರಿ, ತೆಂಗಿನ ನಾರು ಇಟ್ಟ ಕಡೆ ಮಿಸ್ಟ್ ಆಗುತ್ತದೆಯೇ? ಕೋಣೆ ತುಂಬುವ ಮಂಜು ಆಗುವುದಿಲ್ಲ. ಹಂಚು ಹಂಚಿನ ನಡುವೆ ಸಂದು, ಗೋಡೆಗೂ ಮಾಡಿಗೂ ನಡುವೆ ತೆರೆದ ಜಾಗ. ಬಿಸಿ ಹಬೆ ಮೇಲಿನಿಂದ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಬುಟ್ಟಿಗೆ ನೀರು ಹೊಯ್ದ ಹಾಗೆ. ಜೊತೆಗೆ ನಾರು, ಕೊಬ್ಬರಿ, ಅಡಿಕೆ ಸಿಪ್ಪೆಯ ಬೆಂಕಿ ಒಳಗೊಳಗೇ ಹೊಗೆಯಾಡುವ ಜಾತಿಯದ್ದು. ಜ್ವಾಲೆ ನಿಲ್ಲುವ ಆಮ್ಲಜನಕದ ಮಟ್ಟಕ್ಕಿಂತ ಬಹಳ ಕೆಳಗೂ ಅದು ಬದುಕಿರುತ್ತದೆ, ಮಂಜಿನ ಹನಿ ರಾಶಿಯ ಒಳಗೆ ಇಳಿಯುವುದಿಲ್ಲ. ಅಂಥ ಕಡೆ ಸಾಮಾನ್ಯ ಸ್ಪ್ರಿಂಕ್ಲರಿನ ದಪ್ಪ ಹನಿ, ಹೋಸಿನ ನೀರು, ರಾಶಿ ಕೆದಕಲು ಕೊಕ್ಕೆ, ಇವೇ ಸರಿ. ಮಿಸ್ಟಿಗೆ ಹಣ ಹಾಕಬೇಡಿ.

ಮೀನುಗಾರಿಕೆ ದೋಣಿಯ ಎಂಜಿನ್ ಕೋಣೆ ಮಾತ್ರ ಮಂಜಿಗೆ ಹೇಳಿ ಮಾಡಿಸಿದ್ದು: ಜಾಗ ಸಣ್ಣದು, ಬಿಸಿ ಬೇಗ ಏರುತ್ತದೆ, ತೆರೆದದ್ದೆಂದರೆ ಇಳಿಯುವ ಮುಚ್ಚಳ ಮತ್ತು ಗಾಳಿಯ ಕೊಳವೆಗಳು. ಆ ಕೊಳವೆಗಳಿಗೆ ಡೆಕ್ ಮೇಲಿನಿಂದಲೇ ಮುಚ್ಚುವ ಮುಚ್ಚಳ ಇಲ್ಲದಿರುವುದೇ ಸಾಮಾನ್ಯ ಕೊರತೆ. ಮಿಸ್ಟ್ ಇರಲಿ ಇಲ್ಲದಿರಲಿ, ಆ ಮುಚ್ಚಳಕ್ಕೆ ದೊಡ್ಡ ಖರ್ಚಿಲ್ಲ.

ಒಪ್ಪಿಕೊಳ್ಳುವ ಮೊದಲು

ಕೆಲಸ ಮುಗಿಸಿ ಬಿಲ್ಲು ಕೊಡಲು ಬಂದವರ ಎದುರೇ ಇವನ್ನು ಮಾಡಿಸಿ. ಎಂಜಿನ್ ಓಡುತ್ತಿರುವಾಗ ಪ್ಯಾನಲಿನಿಂದ ಬೆಂಕಿಯ ಸಿಗ್ನಲ್ ಕೊಟ್ಟು, ಫ್ಯಾನಿನ ರೆಕ್ಕೆ ಪೂರ್ತಿ ನಿಲ್ಲಲು, ಶಟರ್ ಪೂರ್ತಿ ಮುಚ್ಚಲು ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನೋಡಿ. ಮಂಜು ಬರುವ ಮೊದಲು ಎರಡೂ ಮುಗಿದಿರಬೇಕು. ಕರೆಂಟು ತೆಗೆದು ಅದನ್ನೇ ಇನ್ನೊಮ್ಮೆ ಮಾಡಿಸಿ. ಎಲ್ಲ ಮುಚ್ಚಿದ ಮೇಲೆ ಒಳಗೆ ಟಾರ್ಚ್ ಹಿಡಿದು ನಿಂತು, ಊದುಬತ್ತಿ ಹಚ್ಚಿ ಬಾಗಿಲ ಅಂಚು, ಕೇಬಲ್ ಹೋದ ತೂತು, ಸೈಲೆನ್ಸರ್ ಪೈಪಿನ ಸುತ್ತ, ಲೂವರಿನ ಚೌಕಟ್ಟು ಇಷ್ಟರ ಹತ್ತಿರ ಹಿಡಿಯಿರಿ. ಗಾಳಿ ಬೀಸುವ ಮಧ್ಯಾಹ್ನದ ಮೇಲೆ ಮಾಡಿದರೆ ಸೋರುವ ಕಡೆ ಚೆನ್ನಾಗಿ ಗೊತ್ತಾಗುತ್ತದೆ. ಕೇಬಲ್ ತೂತುಗಳೇ ಹೆಚ್ಚಾಗಿ ಸಿಗುವ ತಪ್ಪು. ಬೆಂಕಿ ತಡೆಯುವ ಸೀಲಂಟಿನಿಂದ ಅವನ್ನು ಮುಚ್ಚಿಸಿ, ಫೋಮ್ ತುರುಕಿ ಹೋಗಲು ಬಿಡಬೇಡಿ. ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಸೆಕೆಗೆಂದು ಅದಕ್ಕೆ ಮುರಕಲ್ಲಿನ ತುಂಡು ಅಡ್ಡ ಇಡುವ ಅಭ್ಯಾಸವಿದ್ದರೆ, ಮೇಲೆ ಹೇಳಿದ ಲೆಕ್ಕವೆಲ್ಲ ಆ ಒಂದು ಕಲ್ಲಿನಿಂದ ಕೆಡುತ್ತದೆ.

ನೀರಿನ ಬಗ್ಗೆ ಸ್ವಲ್ಪ. ಮುರಕಲ್ಲಿನ ನೆಲದ ಬಾವಿಯ, ನೀರಿಗಾಗಿ ಗುಡ್ಡದಲ್ಲಿ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯಲು ಸಿಹಿ, ಆದರೆ ಸ್ವಲ್ಪ ಆಮ್ಲೀಯ. ಕಡಲ ಬದಿಯ ಬಾವಿಯಲ್ಲಿ ಉಪ್ಪು. ಎರಡೂ ಕಬ್ಬಿಣದ ಪೈಪನ್ನು ತಿನ್ನುತ್ತವೆ, ತುಕ್ಕಿನ ಚೂರು 1 ಮಿ.ಮೀ.ಗಿಂತ ಸಣ್ಣ ನಾಝಲ್ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪೈಪು ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, 316 ದರ್ಜೆಯದ್ದು. ಸ್ಟ್ರೈನರಿನ ಜಾಲರಿಯ ಕಣ್ಣು ನಾಝಲಿನ ಅತಿ ಸಣ್ಣ ದಾರಿಯ ಶೇಕಡಾ 80ಕ್ಕಿಂತ ದೊಡ್ಡದಿರಬಾರದು.

ಕೇಳಿದ ಪ್ರಶ್ನೆಗಳಲ್ಲಿ ಎರಡು

“ಮಳೆಗಾಲದಲ್ಲಿ ನಮ್ಮ ಗಾಳಿಯೇ ಒದ್ದೆ. ಆಗ ಗಾಳಿ ಒಳಗೆ ಬಂದರೂ ಅಷ್ಟು ತೊಂದರೆ ಇಲ್ಲವಲ್ಲ?” ಎಂದು ಒಬ್ಬರು ಕೇಳಿದರು. ಇದೆ. 28 ಡಿಗ್ರಿಯಲ್ಲಿ, ಶೇಕಡಾ 90 ತೇವಾಂಶವಿರುವ ಗಾಳಿಯಲ್ಲೂ ನೀರಾವಿಯ ಪಾಲು ಶೇಕಡಾ 3.4 ಮಾತ್ರ. ಆಮ್ಲಜನಕ 20ರ ಮೇಲೆಯೇ ಇರುತ್ತದೆ. ಮಳೆಗಾಲದಲ್ಲಿ ಪಡುಗಾಳಿ ಜೋರಾದ್ದರಿಂದ ಲೆಕ್ಕ ಇನ್ನೂ ಕೆಡುತ್ತದೆ.

“ಬೆಂಕಿ ಆರಿತೆಂದು ಕಂಡ ಮೇಲೆ ಹೊಗೆ ಹೋಗಲು ಫ್ಯಾನ್ ಯಾವಾಗ ಹಾಕಬೇಕು ಸಾರ್?” ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಮಂಜು ಹೊಗೆಯನ್ನು ತಣಿಸಿ ಕೆಳಕ್ಕೆ ಇಳಿಸಿರುತ್ತದೆ, ಒಳಗೆ ಏನೂ ಕಾಣುವುದಿಲ್ಲ, ಜ್ವಾಲೆಯ ಬೆಳಕು ಕಾಣದ್ದರಿಂದ ಆರಿತು ಎಂದುಕೊಳ್ಳುವಂತಿಲ್ಲ. ಎಂಜಿನ್ನಿನ ಎಕ್ಸಾಸ್ಟ್ ಕೊಳವೆ ಓಡುವಾಗ 400 ಡಿಗ್ರಿಗಿಂತ ಮೇಲಿರುತ್ತದೆ. ಡೀಸೆಲ್ ಆವಿ ಕಿಡಿಯಿಲ್ಲದೆ ಹೊತ್ತಿಕೊಳ್ಳಲು 210–250 ಡಿಗ್ರಿ ಸಾಕು. ಕೋಣೆಯಲ್ಲಿ ಉರಿಯದೆ ಉಳಿದ ಆವಿ ಇದೆ, ಬಿಸಿ ಲೋಹ ಇದೆ, ಇಲ್ಲದ್ದು ಗಾಳಿ ಮಾತ್ರ. ಫ್ಯಾನ್ ಹಾಕಿದರೆ ಅದನ್ನೂ ಕೊಟ್ಟಂತಾಯಿತು. ಆದ್ದರಿಂದ ಡೀಸೆಲ್ ವಾಲ್ವ್ ಮುಚ್ಚಿದೆಯೆಂದು ಖಚಿತ ಮಾಡಿಕೊಂಡು, ನೀರಿರುವವರೆಗೆ ಮಂಜು ಬಿಡಿ. ನೀರು ನಿಂತ ಮೇಲೂ ಕನಿಷ್ಠ 15–20 ನಿಮಿಷ ಬಾಗಿಲು ತೆರೆಯಬೇಡಿ. ಬಾಗಿಲಿಗೆ ಅಂಗೈಯ ಹಿಂಬದಿ ತಾಗಿಸಿ ನೋಡಿ. ಥರ್ಮಲ್ ಕ್ಯಾಮೆರಾ ಅಗ್ನಿಶಾಮಕದವರಲ್ಲಿದ್ದರೆ ಅದರಿಂದ ನೋಡಲಿ. ತುಂಬಿದ ಹೋಸ್ ಕೈಯಲ್ಲಿ ಹಿಡಿದು, ಬಾಗಿಲ ಎದುರು ನಿಲ್ಲದೆ ಬದಿಯಲ್ಲಿ ತಗ್ಗಿ ನಿಂತು, ಒಂದು ಗೇಣು ಮಾತ್ರ ತೆರೆಯಿರಿ. ಎಂಜಿನ್ನಿನ ಲೋಹಕ್ಕೆ ನೀರು ಹೊಡೆದಾಗ ಚುರ್ರೆನ್ನುವುದು ನಿಂತ ಮೇಲೆ, ಎದುರು ಬದಿಯ ಶಟರ್ ಮೊದಲು, ಎಕ್ಸಾಸ್ಟ್ ಫ್ಯಾನ್ ಕೊನೆಗೆ. ಆ ಫ್ಯಾನಿನ ಸ್ವಿಚ್ಚು ಕೋಣೆಯ ಹೊರಗಿದೆಯೇ ಎಂಬುದನ್ನು ಮಾತ್ರ ಇವತ್ತು ಮನೆಗೆ ಹೋಗುವ ಮೊದಲೇ ನೋಡಿಕೊಳ್ಳಿ.